ಒಬ್ಬ ಸಿಸ್ಟರ್, ಎರಡು ಕಟ್ಟಡ

ಕಳೆದ ವರ್ಷ ಜುಲೈ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ನಮ್ಮ ಆಸ್ಪತ್ರೆಯ ಕೆಳಗಿನ ವಾರ್ಡಿನಲ್ಲಿದ್ದ ರೋಗಿಯೊಬ್ಬರು ವರಾಂಡದ ಮೆಟ್ಟಿಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರು ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದು ಕೆಲಸ ಬಿಟ್ಟ ವೃದ್ಧರು, ಜ್ವರಕ್ಕೆಂದು ದಾಖಲಾಗಿದ್ದರು. ಕೈಗೆ ಹಾಕಿದ್ದ ಡ್ರಿಪ್ ಬಾಟಲಿ ಖಾಲಿಯಾಗಿ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರಿದಾಗ ಗಾಬರಿಯಾಗಿ, ಸಿಸ್ಟರನ್ನು ಹುಡುಕಿಕೊಂಡು ಎದ್ದು ಹೊರಟಿದ್ದರು. ಪಾಳಿಯಲ್ಲಿದ್ದ ಒಬ್ಬರೇ ಸಿಸ್ಟರ್ ಆಗ ಮೇಲಿನ ಕಟ್ಟಡದಲ್ಲಿ ಹೆರಿಗೆ ಮಾಡಿಸುತ್ತಿದ್ದರು.

ನಾನು ಆ ಆಸ್ಪತ್ರೆಯ ಕಚೇರಿ ನೋಡಿಕೊಳ್ಳುತ್ತೇನೆ. ಅದಕ್ಕೆ ಮೊದಲು ಚಿಕ್ಕಮಗಳೂರಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. ಹಾಗಾಗಿ ಬರೆಯುವ ಕೆಲಸ ಏನಿದ್ದರೂ ನನ್ನ ಮೇಜಿಗೆ ಬರುತ್ತದೆ.

ಆಸ್ಪತ್ರೆ ಇರುವುದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಇಳಿಜಾರಿನಲ್ಲಿ. ಸುತ್ತಲಿನ ಕಾಫಿ ಬೆಳೆಗಾರರ ಟ್ರಸ್ಟ್ ಅದನ್ನು ನಡೆಸುತ್ತದೆ. ಒಂದೊಂದು ಕಾಲದಲ್ಲಿ ಒಂದೊಂದು ಮನೆತನ ಮುಂದೆ ಬಂದು ಒಂದೊಂದು ಕಟ್ಟಡ ಕಟ್ಟಿಸಿದೆ. ಯಾರೂ ಇನ್ನೊಬ್ಬರ ಗೋಡೆಗೆ ತಮ್ಮ ಗೋಡೆ ಕೂಡಿಸಲಿಲ್ಲ. ಗುಡ್ಡ ಕಡಿದು ಹೊಸ ಮಟ್ಟ ಮಾಡಿ, ಅಲ್ಲಿ ಬೇರೆಯದೇ ಕಟ್ಟಿ, ಬಾಗಿಲ ಮೇಲೆ ಕಲ್ಲಿನಲ್ಲಿ ಹೆಸರು ಕೆತ್ತಿಸಿದರು. ರಸ್ತೆಯ ಮಟ್ಟದಲ್ಲಿ ನಮ್ಮ ಒಬ್ಬರೇ ಡಾಕ್ಟರು ಕೂರುವ ಹೊರರೋಗಿಗಳ ವಿಭಾಗ, ಲ್ಯಾಬು, ಔಷಧಾಲಯ, ನನ್ನ ಕಚೇರಿ. ಅದರ ಮೇಲಿನ ಮಟ್ಟದಲ್ಲಿ ಸಾಮಾನ್ಯ ವಾರ್ಡು. ಅದನ್ನು ಎಲ್ಲರೂ ಕೆಳಗಿನ ವಾರ್ಡು ಎನ್ನುತ್ತಾರೆ. ಇನ್ನೂ ಮೇಲೆ ಹೆರಿಗೆ ವಾರ್ಡು. ನಡುವೆ ಜಿಂಕ್ ಶೀಟ್ ಹೊದೆಸಿದ ಮೆಟ್ಟಿಲ ದಾರಿ. ಒಂದು ಪಾಳಿಗೆ ಒಬ್ಬ ಸಿಸ್ಟರ್, ಒಬ್ಬ ಆಯಾ. ಮೇಲೆ ಹೆರಿಗೆ ಇದ್ದರೆ ಸಿಸ್ಟರ್ ಮೇಲೆ, ಆಯಾ ಕೆಳಗೆ.

ಇಬ್ಬರ ನಡುವೆ ಸಂಪರ್ಕಕ್ಕೆ ಇದ್ದದ್ದು ಕೂಗು. ತೋಟದಲ್ಲಿ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂ ಹಾಕುತ್ತಾರಲ್ಲ, ಅದೇ. ಆಯಾ ಕೆಳಗಿನ ವರಾಂಡದ ತುದಿಗೆ ಬಂದು ಒಂದು ಕೂ ಹಾಕುವುದು. ಸಿಸ್ಟರ್ ಮೇಲಿನಿಂದ ಓಗೊಟ್ಟರೆ ಕೇಳಿಸಿತು, ಬರುತ್ತಾರೆ ಎಂದರ್ಥ. ಇದನ್ನು ಯಾರೂ ನಿಯಮ ಮಾಡಿರಲಿಲ್ಲ. ನಾನು ಬರುವ ಮೊದಲಿನಿಂದಲೂ ಹೀಗೇ ನಡೆದಿತ್ತು.

ಆ ಸೋಮವಾರ ನಡೆದದ್ದನ್ನು ಆಯಾ ಹೀಗೆ ಹೇಳಿದರು. ಬಾಟಲಿ ಮುಗಿಯುತ್ತಿರುವುದನ್ನು ನೋಡಿ ಅವರು ವರಾಂಡಕ್ಕೆ ಬಂದು ಕೂ ಹಾಕಿದರು. ಓಗೊಟ್ಟದ್ದು ಕೇಳಿಸಿತು. “ಸಿಸ್ಟರ್ ಬರ್ತಾರೆ, ಮಲಗಿರಿ ಮೇಸ್ತ್ರಿಗಳೇ” ಎಂದು ಹೇಳಿ, ರೋಗಿಗಳ ಗಂಜಿ ತರಲು ಅಡುಗೆಮನೆಗೆ ಹೋದರು. ಡ್ರಿಪ್ಪನ್ನು ಆಯಾಗಳು ಮುಟ್ಟಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಗಂಜಿಯ ಪಾತ್ರೆ ಹಿಡಿದು ಮರಳುವಷ್ಟರಲ್ಲಿ ಮೇಸ್ತ್ರಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು.

ಸಿಸ್ಟರ್ ಹೇಳಿದ್ದು ಒಂದೇ ಮಾತು: “ನಾನು ಕೂಗು ಕೇಳಿಲ್ಲ, ಓಗೊಟ್ಟೂ ಇಲ್ಲ.”

“ಕಿವಿಯಾರೆ ಕೇಳಿದೀನಿ ಮೇಡಮ್. ಸುಳ್ಳು ಎಂತಕ್ಕೆ ಹೇಳ್ಲಿ?” ಎಂದರು ಆಯಾ.

ಚಾರ್ಮಾಡಿಯಲ್ಲಿ ಮಣ್ಣು ಕುಸಿದಿದ್ದರಿಂದ ಮೇಸ್ತ್ರಿಯನ್ನು ಮಂಗಳೂರಿನ ಬದಲು ಚಿಕ್ಕಮಗಳೂರಿಗೆ ಕರೆದೊಯ್ದರು. ಅದೇ ವಾರ ಟ್ರಸ್ಟಿನ ಅಧ್ಯಕ್ಷರ ಸಹಿ ಇದ್ದ ನೋಟೀಸನ್ನು ನಾನು ಸಿಸ್ಟರ ಕೈಗೆ ಕೊಟ್ಟೆ. ಕರೆಗೆ ಉತ್ತರ ಕೊಟ್ಟೂ ವಾರ್ಡಿಗೆ ಬಾರದೆ ಕರ್ತವ್ಯಲೋಪ ಎಸಗಿದ್ದೀರಿ, ವಿವರಣೆ ಕೊಡಿ ಎಂದು ಅದರಲ್ಲಿತ್ತು. ಆರೋಪ ನಿಂತರೆ ಕೆಲಸದಿಂದ ಬಿಡಿಸಿ, ಅನುಭವ ಪತ್ರದಲ್ಲಿ ಕಾರಣ ನಮೂದಿಸುವುದು ಟ್ರಸ್ಟಿನ ಪದ್ಧತಿ. ಅಂಥ ಪತ್ರ ಹಿಡಿದು ಹೋದ ನರ್ಸನ್ನು ಬೇರೆ ಆಸ್ಪತ್ರೆಗಳು ಸೇರಿಸಿಕೊಳ್ಳುವುದಿಲ್ಲ. ಸಿಸ್ಟರ್ ನಿಂತಲ್ಲೇ ಓದಿ, ಮಡಚಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. “ಎಷ್ಟು ದಿನದೊಳಗೆ ಕೊಡ್ಬೇಕು?” ಎಂದಷ್ಟೇ ಕೇಳಿದರು. ಟ್ರಸ್ಟಿನ ಮುಂದಿನ ಸಭೆಯೊಳಗೆ ಎಂದೆ.

ಅಧ್ಯಕ್ಷರು ನನಗೆ ಇನ್ನೊಂದು ಕೆಲಸ ಒಪ್ಪಿಸಿದ್ದರು. ಆಸ್ಪತ್ರೆ ಸುಧಾರಿಸಲು ಏನು ಮಾಡಬೇಕೆಂದು ಸಿಬ್ಬಂದಿಯನ್ನೇ ಕೇಳಿ, ಅದೇ ಸಭೆಗೆ ವರದಿ ಕೊಡಬೇಕು.

ಮೊದಲು ಒಂದು ಪೆಟ್ಟಿಗೆ ಇಡಿಸಿದೆ. ಬೀಗ ಹಾಕಿ, ಪಕ್ಕದಲ್ಲಿ ಕಾಗದ, ಪೆನ್ನು ಇಟ್ಟೆ. ಹೆಸರು ಬೇಡ ಎಂದು ಬರೆದು ಅಂಟಿಸಿದೆ. ತೆರೆದಾಗ ಕೆಲವೇ ಚೀಟಿಗಳಿದ್ದವು. ಒಂದರಲ್ಲಿ ‘ಎಲ್ಲ ಚೆನ್ನಾಗಿದೆ’. ಇನ್ನೊಂದರಲ್ಲಿ ‘ಟೀ ಬಿಸಿ ಇರಲಿ’. ಮತ್ತೊಂದರಲ್ಲಿ ‘ಈ ಪೆಟ್ಟಿಗೆ ತೆಗೆದು ಇಲ್ಲಿ ಛತ್ರಿ ಇಡಲು ಜಾಗ ಮಾಡಿ’.

ಆಂಬುಲೆನ್ಸ್ ಡ್ರೈವರ್ ನಕ್ಕರು. “ಪೆಟ್ಟಿಗೆ ಇಟ್ಟಿದ್ದು ಡಾಕ್ಟ್ರ ಬಾಗಿಲೆದುರು. ಚೀಟಿ ಹಾಕ್ಬೇಕಾದ್ರೆ ಅವ್ರಿಗೆ ನಮಸ್ಕಾರ ಹೊಡ್ದೇ ಹಾಕ್ಬೇಕು. ಯಾರು ಹಾಕ್ತಾರೆ ಮಾರಾಯ್ರೇ?”

ಪೆಟ್ಟಿಗೆ ತೆಗೆಸಿದೆ. ಸುದ್ದಿಮನೆಯಲ್ಲಿ ಕಲಿತ ಕ್ರಮಕ್ಕೆ ಮರಳಿದೆ. ಪ್ರತಿಯೊಬ್ಬರನ್ನೂ ಅವರು ಕೆಲಸ ಮಾಡುವ ಜಾಗದಲ್ಲೇ ಕಾಣುವುದು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು, ಬರೆದುಕೊಂಡದ್ದನ್ನು ಏಳುವ ಮೊದಲು ಅವರಿಗೆ ಓದಿ ಹೇಳುವುದು. ಪ್ರಶ್ನೆಯನ್ನೂ ಬದಲಿಸಬೇಕಾಯಿತು. ‘ಏನು ಸುಧಾರಣೆ ಬೇಕು’ ಎಂದರೆ ಜನ ಗೋಡೆಗೆ ಬಣ್ಣ, ಹೊಸ ಕುರ್ಚಿ ಎನ್ನುತ್ತಾರೆ. ಅದರ ಬದಲು, ‘ನಿನ್ನೆ ಯಾವ ಕೆಲಸಕ್ಕೆ ಇನ್ನೊಬ್ಬರು ಬೇಕಿತ್ತು, ಸಿಗಲಿಲ್ಲ?’ ಎಂದು ಕೇಳತೊಡಗಿದೆ.

ಲ್ಯಾಬ್ ತಂತ್ರಜ್ಞೆ ಮೊದಲು ಏನೂ ಇಲ್ಲ ಎಂದರು. ರಕ್ತದ ಮಾದರಿಗಳನ್ನು ತಿರುಗುವ ಯಂತ್ರಕ್ಕೆ ಇಟ್ಟು, ಎದುರಿಗೊಂದು ನೀರಿನ ನಳಿಕೆ ಇಟ್ಟು ತೂಕ ಸರಿಮಾಡಿ, ಮುಚ್ಚಳ ಹಾಕಿದ ಮೇಲೆ ನನ್ನ ಕಡೆ ತಿರುಗಿದರು. “ಮೇಲಿನ ವಾರ್ಡಿಂದ ಸ್ಯಾಂಪಲ್ ತರೋದು ಆಯಾ. ಅವ್ರು ಇಲ್ಲಿಗೆ ಬಂದು ಹೋಗೋ ತನಕ ಕೆಳಗಿನ ವಾರ್ಡಲ್ಲಿ ಯಾರೂ ಇರಲ್ಲ. ನಾನೇ ಹೋಗಿ ತರೋಣ ಅಂದ್ರೆ ಲ್ಯಾಬಿಗೆ ಬೀಗ ಹಾಕ್ಬೇಕು. ರಿಪೋರ್ಟ್ ಕೆಟ್ಟದಿದ್ರೆ ಯಾರಿಗೆ ಮೊದಲು ಹೇಳೋದು ಅಂತ ಬಾಗಿಲಲ್ಲಿ ನಿಂತು ನೋಡ್ತೀನಿ, ಯಾರಾದ್ರೂ ಹಾದು ಹೋಗ್ತಾರಾ ಅಂತ.”

ಔಷಧಾಲಯದವರು ಊಟಕ್ಕೆ ಕೂತಾಗ ಕಿಟಕಿ ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಹೊರಗೆ ನಿಂತವರು ಬಡಿಯುತ್ತಾರೆ. “ತಟ್ಟೆ ಎದುರಿಗಿಟ್ಕೊಂಡು ಆ ಬಡಿತ ಕೇಳ್ತಾ ಉಣ್ಣೋದು. ಅಭ್ಯಾಸ ಆಗಿದೆ ಬಿಡಿ” ಎಂದರು. ಅದನ್ನು ಬರೆದುಕೊಂಡು ಓದಿ ಹೇಳಿದಾಗ, ಕೊನೆಯ ಮಾತು ತೆಗೆದುಬಿಡಿ ಎಂದರು. ತೆಗೆದೆ. ವರದಿ ಮುಗಿದ ಮೇಲೆ ತಾವೇ ಬಂದು, ಅದು ಇರಲಿ ಎಂದರು.

ಡ್ರೈವರ್ ಹೇಳಿದ್ದು ಬೇರೆ ಥರದ್ದು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಸಿಸ್ಟರ್ ಜೊತೆಗೆ ಹೋಗಬೇಕು. ಹೋದರೆ ಎರಡೂ ವಾರ್ಡು ಖಾಲಿ. ಹಾಗಾಗಿ ಎಷ್ಟೋ ಸಲ ರೋಗಿಯ ಮನೆಯವರನ್ನೇ ಹಿಂದೆ ಕೂರಿಸಿಕೊಂಡು ಅವರು ಒಬ್ಬರೇ ಓಡಿಸುತ್ತಾರೆ. “ಹೋಗೋವಾಗ ಕನ್ನಡಿಲಿ ಹಿಂದೆ ನೋಡ್ಕೊಂಡು ಹೋಗೋದು. ಉಸಿರಾಡ್ತಿದಾರಾ ಅಂತ ಅವ್ರ ಮನೆಯವ್ರನ್ನೇ ಕೇಳೋದು. ಅವ್ರಿಗೆಂತ ಗೊತ್ತು? ಬರೋವಾಗ ಮಾತ್ರ ನಾನೊಬ್ನೇ. ಮಾಗುಂಡಿ ದಾಟಿದ್ಮೇಲೆ ಫೋನೂ ಸತ್ತಿರುತ್ತೆ. ಹಿಂದಿನ ಸ್ಟ್ರೆಚರ್ ತಿರುವಲ್ಲೆಲ್ಲ ಕಟಕಟ ಅಂತಿರುತ್ತೆ, ಅದೇ ಮಾತಾಡ್ಸೋದು.”

ಹೀಗೆ ಒಬ್ಬೊಬ್ಬರದೇ ಕೋಣೆಗೆ ಹೋಗಿ ಬಂದೆ. ಕೊನೆಗೆ ನನ್ನ ಕಾಗದಗಳಲ್ಲಿ ಯಂತ್ರ ಕೇಳಿದವರು ಕಡಿಮೆ, ಬೀಗ ಎಂಬ ಪದ ಬಳಸದವರು ಇನ್ನೂ ಕಡಿಮೆ. ಒಂದು ಪಾಳಿಯಲ್ಲಿ ಪ್ರತಿಯೊಂದು ಹುದ್ದೆಗೂ ಒಬ್ಬರೇ ಇದ್ದುದರಿಂದ, ಯಾರು ಎದ್ದರೂ ಒಂದು ಬಾಗಿಲು ಮುಚ್ಚುತ್ತಿತ್ತು. ಒಬ್ಬರಿಗೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು ಎಂಬುದನ್ನು ಅವರು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದರು.

ಸಿಸ್ಟರ್ ಮಾತ್ರ ಉತ್ತರಿಸಲಿಲ್ಲ. ಮೂರು ಸಲ ಹೋದೆ. ಮೂರನೆಯ ಸಲ ಅವರು ಇಂಜೆಕ್ಷನ್ ಟ್ರೇ ಒರೆಸುತ್ತ, “ಒಂದು ಕೈಲಿ ನೋಟೀಸು, ಒಂದು ಕೈಲಿ ಪ್ರಶ್ನೆ ಹಿಡ್ಕೊಂಡು ಬರ್ತೀರಲ್ಲ ಮೇಡಮ್. ಯಾವುದಕ್ಕೆ ಉತ್ತರ ಕೊಡ್ಲಿ?” ಎಂದರು.

ಅಲ್ಲಿಂದಾಚೆ ಊಟದ ಕೋಣೆಯಲ್ಲಿ ನಾನು ಕೂತ ಮೇಜಿಗೆ ಜನ ಬರುವುದು ನಿಂತಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ‘ಊಟ ಆಯ್ತಾ ಮೇಡಮ್’ ಎನ್ನುತ್ತಿದ್ದರು, ತಟ್ಟೆ ಹಿಡಿದು ಆಚೆ ಮೇಜಿಗೆ ಹೋಗುತ್ತಿದ್ದರು. ಆಚೆ ಮೇಜಿನಲ್ಲೂ ಮೊದಲಿನ ಮಾತಿರಲಿಲ್ಲ. ಸಿಸ್ಟರ್ ಮತ್ತು ಆಯಾ ಅದುವರೆಗೆ ಒಂದೇ ಪಾಳಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಒಬ್ಬರ ಬುತ್ತಿಯ ಪಲ್ಯ ಇನ್ನೊಬ್ಬರ ತಟ್ಟೆಗೆ ಬೀಳುತ್ತಿತ್ತು. ಈಗ ಆಯಾ ಅಡುಗೆಮನೆಯ ಹಿಂದಿನ ಕಟ್ಟೆಯಲ್ಲಿ ಕೂತು ಉಣ್ಣುತ್ತಿದ್ದರು, ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿ. ವಾರ್ಡಿನಲ್ಲಿ ಅವರ ನಡುವೆ ‘ಬೆಡ್‌ಪ್ಯಾನ್ ಕೊಡಿ’, ‘ಚಾದರ ಬದಲಿಸಿ’ ಎಂಬಷ್ಟು ಮಾತು ಮಾತ್ರ ನಡೆಯುತ್ತಿತ್ತು. ಮೊದಲು ಆಯಾರನ್ನು ‘ಅಕ್ಕ’ ಎನ್ನುತ್ತಿದ್ದ ಸಿಸ್ಟರ್ ಈಗ ಏನೂ ಅನ್ನುತ್ತಿರಲಿಲ್ಲ.

ಡಾಕ್ಟರ ಸಲಹೆಯಂತೆ ಎರಡು ಕಟ್ಟಡಗಳ ನಡುವೆ ಗಂಟೆ ಹಾಕಿಸಲು ಹೊರಟೆ. ಹಿಂದೆ ಇಂಟರ್‌ಕಾಂ ಇತ್ತು. ಮಳೆಗಾಲದ ಮೊದಲ ಸಿಡಿಲುಗಳಿಗೆ ಪ್ರತಿ ವರ್ಷ ಸುಟ್ಟುಹೋಗಿ, ಕೊನೆಗೆ ಯಾರೂ ರಿಪೇರಿ ಮಾಡಿಸಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುವುದು ಮೇಲಿನ ವಾರ್ಡಿನ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಚಿಕ್ಕಮಗಳೂರಿನಿಂದ ತಂತಿ ಇಲ್ಲದ ಕರೆಗಂಟೆ ತರಿಸಿದೆ. ಅಂಗಡಿಯಲ್ಲಿ ಅದು ರಸ್ತೆಯಾಚೆಗೂ ಬಾರಿಸಿತ್ತು. ಇಲ್ಲಿ ಎರಡು ಮಟ್ಟಗಳ ನಡುವಿನ ಕಲ್ಲಿನ ತಡೆಗೋಡೆ ದಾಟಲಿಲ್ಲ. ಕೊನೆಗೆ ಎಲೆಕ್ಟ್ರೀಷಿಯನ್ ತಂತಿ ಎಳೆದು ಗಂಟೆ ಹಾಕಿದರು. ಕರೆಂಟ್ ಇದ್ದಾಗ ಬಾರಿಸಿತು. ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಇರುವ ಹೊತ್ತು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಟರಿ ಹಾಕಿದ ಮೇಲೆ ಆ ತೊಂದರೆಯೂ ನೀಗಿತು. ವರದಿಗೆ ಒಂದು ಸುಲಭದ ಮೊದಲ ಸಾಲು ಸಿಕ್ಕಿತು ಅಂದುಕೊಂಡೆ.

ಸಭೆಗೆ ಕೆಲವು ದಿನ ಇರುವಾಗ, ಆ ಸೋಮವಾರದ ಭಾಗವನ್ನು ಬರೆಯಲು ಕೂತೆ. ಆಯಾ ನಿಂತ ಜಾಗ ಯಾವುದು, ಮುಖ ಯಾವ ಕಡೆಗಿತ್ತು ಎಂಬುದನ್ನು ನಾನು ನೋಡಿಯೇ ಇಲ್ಲವೆಂದು ಆಗ ಹೊಳೆಯಿತು. ಎದ್ದು ಕೆಳಗಿನ ವಾರ್ಡಿಗೆ ಹೋದೆ. ಮಳೆ ನಿಂತು ಹೊಳವಾಗಿತ್ತು. ಸಿಸ್ಟರ್ ಒಳಗೆ ಒಬ್ಬ ರೋಗಿಯ ಕಾಲಿನ ಗಾಯಕ್ಕೆ ಬ್ಯಾಂಡೇಜ್ ಬದಲಿಸುತ್ತಿದ್ದರು. ನಾನು ಆಯಾರನ್ನು ವರಾಂಡಕ್ಕೆ ಕರೆದು, ಅವತ್ತು ಹೇಗೆ ಕೂಗಿದ್ದೋ ಹಾಗೇ ಒಮ್ಮೆ ಕೂಗಿ ತೋರಿಸಿ ಎಂದೆ.

“ಈಗೆಂತಕ್ಕೆ? ಸಿಸ್ಟರ್ ಇಲ್ಲೇ ಇದಾರಲ್ಲ.”

“ಇರ್ಲಿ. ಜಾಗ ನೋಡೋಕೆ.”

ಆಯಾ ವರಾಂಡದ ತುದಿಯ ಕಂಬ ಹಿಡಿದು, ಮೇಲಿನ ಕಟ್ಟಡದ ಕಡೆ ಮುಖ ಮಾಡಿ, ಒಂದು ಕೈ ಬಾಯಿಗೆ ಅಡ್ಡ ಹಿಡಿದು ಕೂ ಹಾಕಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನಿಂದ, ಹೆಂಗಸಿನ ದನಿಯಲ್ಲಿ, ಉದ್ದಕ್ಕೆ ಓಗೊಟ್ಟದ್ದು ಕೇಳಿಸಿತು.

ಆಯಾ ನನ್ನ ಮುಖ ನೋಡಿದರು. ಸಿಸ್ಟರ್ ಇಕ್ಕಳ ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಮೇಲೆ ಯಾರಿದ್ದಾರೆ?” ಎಂದೆ.

“ಯಾರೂ ಇಲ್ಲ. ಬೀಗ ಹಾಕಿದೆ. ಕೀ ನನ್ ಹತ್ರಾನೇ ಇದೆ” ಎಂದರು ಸಿಸ್ಟರ್.

“ಇನ್ನೊಂದ್ಸಲ ಕೂಗಿ.”

ಆಯಾ ಕೂಗಿದರು. ಮತ್ತೆ ಉತ್ತರ ಬಂತು. ಈ ಸಲ ನಾನು ವರಾಂಡದ ಇನ್ನೊಂದು ಬದಿಗೆ ಹೋಗಿ ನಿಂತಿದ್ದೆ. ಅಲ್ಲಿಂದ ಅದು ಮೇಲಿನಿಂದ ಬಂದಂತಿರಲಿಲ್ಲ. ನಮ್ಮ ಹಿತ್ತಿಲ ಹಳ್ಳದಾಚೆಗಿನ ಕಾಫಿ ತೋಟದಿಂದ ಬಂದು, ಮೇಲಿನ ಕಟ್ಟಡದ ಹಿಂದಿನ ಕಲ್ಲಿನ ಗೋಡೆಗೆ ಬಡಿದು ಇಳಿಯುತ್ತಿತ್ತು. ಗಿಡಗಳ ನಡುವೆ ನೀಲಿ ಪ್ಲಾಸ್ಟಿಕ್ ಹೊದ್ದ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದುದು ಕಾಣುತ್ತಿತ್ತು. ಒಬ್ಬಳು ನೆಟ್ಟಗೆ ನಿಂತು ನಮ್ಮ ಕಡೆ ನೋಡುತ್ತಿದ್ದಳು.

“ಅಯ್ಯೋ ದೇವ್ರೇ, ಹಂಗಾರೆ ಅವತ್ತು...” ಎಂದ ಆಯಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. “ಸಿಸ್ಟರ್, ನಾನು ಬೇಕಂತ ಹೇಳಿದ್ದಲ್ಲ.”

“ನೀವು ಕೇಳಿದ್ದು ಹೇಳಿದ್ರಿ. ಬಿಡಿ” ಎಂದು ಸಿಸ್ಟರ್ ಒಳಗೆ ಹೋದರು. ಅರ್ಧ ಸುತ್ತಿದ ಬ್ಯಾಂಡೇಜ್ ಹಿಡಿದು ರೋಗಿ ಕಾಯುತ್ತಿದ್ದ.

ಒಂದು ಪ್ರಯೋಗದಿಂದ ಸುದ್ದಿ ಖಚಿತವಾಗುವುದಿಲ್ಲ. ಹಳ್ಳದ ಮೇಲಿನ ಕಾಲುಸಂಕ ದಾಟಿ ತೋಟಕ್ಕೆ ಹೋದೆ. ಕೆಲಸದವರ ಹಾಜರಿ ನೋಡಿಕೊಳ್ಳುವ ರೈಟರು ಛತ್ರಿಯಡಿ ನಿಂತಿದ್ದರು. ಆಸ್ಪತ್ರೆಯಲ್ಲಿ ಮೇಸ್ತ್ರಿ ಬಿದ್ದ ದಿನ ಅವರಿಗೂ ನೆನಪಿತ್ತು. ಆ ಮೇಸ್ತ್ರಿ ಅವರಿಗೆ ಕೆಲಸ ಕಲಿಸಿದವರು. ಆ ದಿನ ಬೆಳಿಗ್ಗೆ ಮಳೆಗೆ ಕೆಲಸ ನಿಂತಿತ್ತು, ಹೊಳವಾದ ಮೇಲೆ ಇದೇ ಬದಿಯಲ್ಲಿ ಚರಂಡಿ ಬಿಡಿಸಲು ಹೆಂಗಸರನ್ನು ಇಳಿಸಿದ್ದೆ ಎಂದರು.

ನಮ್ಮ ಕಡೆ ನೋಡುತ್ತ ನಿಂತಿದ್ದ ಹೆಂಗಸನ್ನು ಕೇಳಿದೆ. ಆಸ್ಪತ್ರೆಯ ಕಡೆಯಿಂದ ಕೂಗು ಬಂದರೆ ನೀವೇಕೆ ಓಗೊಡುತ್ತೀರಿ?

“ಅದೆಂತ ಕೇಳ್ತೀರಿ ಅಮ್ಮ? ಯಾರೋ ಕೂ ಹಾಕಿದ್ರು ಅಂದ್ರೆ ನಾವೂ ಹಾಕ್ತೀವಿ. ಯಾರಾರೂ ಆಗ್ಲಿ. ಗುಡ್ಡದಲ್ಲಿ ಕೂಗಿದೋರಿಗೆ ಓಗೊಡ್ದೆ ಇರೋಕಾಗುತ್ತಾ? ಪಾಪ, ಒಬ್ರೇ ಇದಾರೇನೋ ಅಂತ ಆಗುತ್ತೆ.”

ಮಳೆ ಸುರಿಯುವಾಗ ತೋಟದಲ್ಲಿ ಜನ ಇರುವುದಿಲ್ಲ. ಕೂಗಿಗೆ ಉತ್ತರವೂ ಬರುವುದಿಲ್ಲ. ಆಗ ಆಯಾ ಮೆಟ್ಟಿಲು ಹತ್ತಿ ಹೋಗಿ ಕರೆಯುತ್ತಿದ್ದರು. ಕೂಗು ಮೋಸ ಮಾಡಿದ್ದು ಮಳೆ ನಿಂತ ದಿನ.

ಅಂದು ಸಂಜೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. “ಸಾಕು, ಇಷ್ಟೇ ಬರೀರಿ. ಸಿಸ್ಟರ್‌ಗೆ ಕೇಳಿಸಿಲ್ಲ, ಆಯಾ ಸುಳ್ಳು ಹೇಳಿಲ್ಲ, ಈಗ ಗಂಟೆ ಹಾಕಿ ಆಗಿದೆ. ಎಲ್ಲರೂ ಪಾರು.”

“ಸಿಬ್ಬಂದಿ ಹೇಳಿದ್ದು? ವಾರ್ಡುಗಳನ್ನ ಒಂದೇ ಕಡೆ ತರೋದು?”

“ಮೇಲಿನ ಕಟ್ಟಡ ಯಾರ ಹೆಸರಿನದು ಅಂತ ಗೊತ್ತಿದೆ ತಾನೆ? ಗೌಡ್ರ ತಾಯಿ ಹೆಸರು. ಅದನ್ನ ಮುಚ್ಚಿ ಅಂತ ಬರೆದ್ರೆ ಅವ್ರು ಮುಂದಿನ ಪುಟ ತಿರುವಲ್ಲ. ನೋಟೀಸಿನ ಕತೆ ಅಲ್ಲೇ ನಿಲ್ಲುತ್ತೆ. ಸಿಸ್ಟರ್ ಕೆಲಸಾನೂ ಹೋಗುತ್ತೆ. ನೀವು ಅವ್ರನ್ನ ಉಳಿಸ್ಬೇಕೋ, ಕಟ್ಟಡ ಇಳಿಸ್ಬೇಕೋ ನೋಡಿ.”

ಗೌಡ್ರು ಎಂದರೆ ಟ್ರಸ್ಟಿನ ಅಧ್ಯಕ್ಷರು. ಡಾಕ್ಟರ ಮಾತಿನಲ್ಲಿ ತಪ್ಪಿರಲಿಲ್ಲ. ಅವರು ಹೇಳಿದ ಹಾಗೆಯೇ ಒಂದು ಪುಟ ಬರೆದೆ. ವರದಿಯಲ್ಲಿ ಹೆಸರು ಬರುವವರಿಗೆ ಓದಿ ಹೇಳುವ ಕ್ರಮವಿತ್ತಲ್ಲ, ಹಾಗಾಗಿ ಮರುದಿನ ಮೇಲಿನ ವಾರ್ಡಿಗೆ ಹೋಗಿ ಸಿಸ್ಟರಿಗೆ ಓದಿದೆ. ಹೆರಿಗೆ ಯಾವುದೂ ಇರಲಿಲ್ಲ. ಅವರು ಖಾಲಿ ಮಂಚದ ರೆಕ್ಸಿನ್ ಒರೆಸುತ್ತ ಕೇಳಿದರು.

“ಕೂಗು ಕೇಳಿಸದ ಕಾರಣ ವಾರ್ಡಿಗೆ ಬರಲಾಗಲಿಲ್ಲ ಅಂತ ಬರೆದಿದೀರಾ?”

“ಹೌದು.”

“ಅದು ಸರಿ ಇಲ್ಲ.”

ಯಾಕೆಂದು ಕೇಳಿದೆ. ಅವರು ಒರೆಸುವುದು ನಿಲ್ಲಿಸಿದರು.

“ಆ ಹೊತ್ತಿಗೆ ಮಗುವಿನ ತಲೆ ಹೊರಗೆ ಬಂದಿತ್ತು ಮೇಡಮ್. ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ಕೊಂಡಿತ್ತು. ಬೆರಳು ತೂರಿಸಿ ಅದನ್ನ ಸಡಿಲ ಮಾಡಿ ತಲೆ ಮೇಲಿಂದ ದಾಟಿಸ್ತಿದ್ದೆ. ಕೂಗು ಕೇಳಿದ್ರೂ ನಾನು ಬರ್ತಿರ್ಲಿಲ್ಲ. ನಿಮ್ಮ ಗಂಟೆ ಹೊಡೆದಿದ್ರೂ ಬರ್ತಿರ್ಲಿಲ್ಲ. ಈಗ ಕೇಳಿಸ್ಲಿಲ್ಲ ಅಂತ ಬಿಟ್ರೆ, ನಾಳೆ ಗಂಟೆ ಕೇಳಿಸಿಯೂ ಬರ್ಲಿಲ್ಲ ಅಂತ ಇದೇ ನೋಟೀಸ್ ಇನ್ನೊಬ್ಬಳ ಕೈಗೆ ಕೊಡ್ತೀರಿ. ಆಗ ಅವಳು ಏನು ಹೇಳ್ಬೇಕು?”

ನಾನು ಡಾಕ್ಟರ ಎಚ್ಚರಿಕೆಯನ್ನು ಮುಚ್ಚಿಡದೆ ಹೇಳಿದೆ. ಹಾಗೆ ಬರೆದರೆ ಕೆಲಸ ಹೋಗಬಹುದು.

“ಹೋಗ್ಬಹುದು. ನೀವು ಕೇಳಿದ್ರಲ್ಲ, ಯಾವ ಕೆಲಸಕ್ಕೆ ಇನ್ನೊಬ್ರು ಬೇಕಿತ್ತು ಅಂತ. ಇದೇ ನನ್ನ ಉತ್ತರ. ಬರ್ಕೊಳ್ಳಿ.”

ಬರೆದುಕೊಂಡೆ. ಓದಿ ಹೇಳಿದೆ. ಒಂದು ಪದವನ್ನೂ ಅವರು ಬದಲಿಸಲಿಲ್ಲ.

ಹಿಂದಿನ ಪುಟ ತೆಗೆದುಹಾಕಿದೆ. ಹೊಸ ವರದಿಯ ಮೊದಲ ವಾಕ್ಯ, ರೋಗಿ ಬಿದ್ದಾಗ ಸಿಸ್ಟರ್ ತಮ್ಮ ಕರ್ತವ್ಯದ ಜಾಗದಲ್ಲೇ ಇದ್ದರು; ಆಸ್ಪತ್ರೆ ಅವರಿಗೆ ಎರಡು ಜಾಗ ಕೊಟ್ಟಿತ್ತು ಎಂಬುದು. ಕೂಗಿನ ವಿಷಯ ಎರಡನೆಯದು. ಸಿಬ್ಬಂದಿಯ ಮುಖ್ಯ ಬೇಡಿಕೆ, ಹೆರಿಗೆ ವಾರ್ಡನ್ನು ಕೆಳಗಿನ ವಾರ್ಡಿನ ಪಕ್ಕದ ದಾಸ್ತಾನು ಕೋಣೆಗಳಿಗೆ ಇಳಿಸುವುದು, ಪಾಳಿಗೆ ಇಬ್ಬರು ನರ್ಸುಗಳನ್ನು ಹಾಕುವುದು. ಗಂಟೆಯ ಬಗ್ಗೆ ಕೊನೆಯಲ್ಲಿ ಬರೆದೆ.

ಡಾಕ್ಟರ್ ಅದನ್ನು ಓದಿ ಹಿಂದಿರುಗಿಸಿದರು. ಸಭೆಯ ದಿನದವರೆಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಸಭೆ ಆಗಸ್ಟಿನಲ್ಲಿ, ನನ್ನ ಕಚೇರಿಯ ಪಕ್ಕದ ಕೋಣೆಯಲ್ಲಿ ನಡೆಯಿತು. ಗೌಡ್ರು ವರದಿಯನ್ನು ಮೊದಲೇ ಓದಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

“ಗಂಟೆ ಹಾಕ್ಸಿ ಆಯ್ತಲ್ಲ ಮೇಡಮ್. ಸಾಲ್ದಾ?”

“ಗಂಟೆ ಕರೆಯುತ್ತೆ ಸರ್. ಬರೋಕೆ ಜನ ಬೇಕು.”

“ಮೇಲಿನ ಕಟ್ಟಡ ಎಂತಕ್ಕೆ ಕಟ್ಟಿಸಿದ್ದು ಗೊತ್ತಾ ನಿಮ್ಗೆ? ನಮ್ಮಮ್ಮನ ಕೊನೇ ಹೆರಿಗೆ. ಕಂಬಳಿ ಜೋಲಿ ಕಟ್ಟಿ ಹೊತ್ಕೊಂಡು ಹೊರಟ್ರು. ದಾರಿಲಿ ಮಗು ಹೋಯ್ತು. ಅಮ್ಮ ಉಳಿದ್ರು. ಇಲ್ಲಿ ಹೆಂಗಸರಿಗೆ ಅಂತಾನೇ ಒಂದು ಬೇರೆ ಜಾಗ ಇರ್ಲಿ, ಗಂಡಸರ ವಾರ್ಡಿನ ಪಕ್ಕ ಬೇಡ ಅಂತ ಅವ್ರೇ ಹೇಳಿ ಮೇಲೆ ಕಟ್ಟಿಸಿದ್ದು.”

ಟ್ರಸ್ಟಿನ ಇನ್ನೊಬ್ಬ ಸದಸ್ಯರು ವಾತಾವರಣ ತಿಳಿಮಾಡಲು, “ಕಟ್ಟಡ ಇಳಿಸೋಕಾಗಲ್ಲ ಗೌಡ್ರೇ, ಹೆಸರಿನ ಕಲ್ಲು ಕೆಳಗಿನ ಬಾಗಿಲಿಗೆ ಇಳಿಸ್ಬೋದು” ಎಂದರು. ಗೌಡ್ರು ನಗಲಿಲ್ಲ.

“ಆ ಸಿಸ್ಟರ್ ಇದನ್ನ ಒಪ್ಪಿದಾರಾ? ಕೂಗು ಕೇಳಿದ್ರೂ ಬರ್ತಿರ್ಲಿಲ್ಲ ಅಂತ?”

“ಅವ್ರೇ ಬರೆಸಿದ್ದು.”

“ಮಗು ಹೇಗಿದೆ?”

ಚುಚ್ಚುಮದ್ದಿಗೆ ಬಂದಿತ್ತು, ಚೆನ್ನಾಗಿದೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಆ ಪುಟವನ್ನು ಮತ್ತೊಮ್ಮೆ ಓದಿದರು. ನೋಟೀಸು ಹಿಂದಕ್ಕೆ ತೆಗೆದುಕೊಳ್ಳುವುದು, ಕರ್ತವ್ಯಲೋಪ ಇಲ್ಲ ಎಂದು ಲಿಖಿತವಾಗಿ ಕೊಡುವುದು ಎಂದು ನಿರ್ಣಯ ಬರೆಯಿರಿ ಎಂದರು. ವಾರ್ಡಿನ ವಿಷಯ ಕಾಫಿ ಕುಯ್ಲು ಮುಗಿದ ಮೇಲೆ ನೋಡೋಣ. ನರ್ಸ್ ಹುದ್ದೆಯ ವಿಷಯ ಈಗ ಬೇಡ. ಸಭೆ ಮುಗಿಯಿತು.

ಪತ್ರವನ್ನು ಸಿಸ್ಟರಿಗೆ ಕೊಟ್ಟಾಗ ಅವರು ನೋಟೀಸು ಓದಿದ ಹಾಗೆಯೇ ನಿಂತು ಓದಿದರು. ಸೆಪ್ಟೆಂಬರಿನಲ್ಲಿ ರಾಜೀನಾಮೆ ತಂದು ನನ್ನ ಮೇಜಿನ ಮೇಲಿಟ್ಟರು. ಹಾಸನದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು.

“ಅಲ್ಲಿ ಒಂದು ವಾರ್ಡಿಗೆ ನಾಲ್ಕು ಜನ ಅಂತೆ” ಎಂದರು. “ಒಬ್ಳೇ ಇನ್ನು ಆಗಲ್ಲ ಮೇಡಮ್. ಮೇಲೆ ಇದ್ರೆ ಕೆಳಗೆ ಯಾರೋ ಬಿದ್ದ ಹಾಗೆ, ಕೆಳಗೆ ಇದ್ರೆ ಮೇಲೆ ಯಾರೋ ಹೆತ್ತ ಹಾಗೆ ಅನ್ಸುತ್ತೆ.”

ಉಳಿಯಿರಿ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಡ್ರೈವರ್ ಅವರ ಟ್ರಂಕನ್ನು ಬಸ್ಸಿನವರೆಗೆ ಒಯ್ದರು. ಆಯಾ ಗೇಟಿನವರೆಗೆ ಹೋದರು. ಇಬ್ಬರೂ ಅಲ್ಲಿ ನಿಂತು ಏನೋ ಮಾತಾಡಿದರು. ದೂರದಿಂದ ನನಗೆ ಕೇಳಿಸಲಿಲ್ಲ. ಆ ವಾರವೂ ಅದರ ನಂತರವೂ ನಾನು ಅದೇ ಮೇಜಿನಲ್ಲಿ ಒಬ್ಬಳೇ ಊಟ ಮಾಡಿದೆ. ಎದುರಿನ ಕುರ್ಚಿಯನ್ನು ಯಾರೋ ಔಷಧಾಲಯಕ್ಕೆ ಒಯ್ದರು, ನಾನು ಮರಳಿ ತರಿಸಲಿಲ್ಲ. ಸಿಸ್ಟರ ಪಾಳಿಯನ್ನು ಉಳಿದ ನರ್ಸುಗಳು ಹಂಚಿಕೊಂಡರು.

ಮೇಸ್ತ್ರಿ ವಾಕರ್ ಹಿಡಿದು ನಡೆಯುತ್ತಿದ್ದಾರೆ. ಹೆರಿಗೆ ವಾರ್ಡು ಈ ವರ್ಷ ಕುಯ್ಲು ಮುಗಿದ ಮೇಲೆ ಕೆಳಗಿಳಿಯಿತು. ಗೌಡ್ರು ಎರಡು ದಿನ ನಿಂತು ಕೆಲಸ ನೋಡಿದರು. ಹೆಂಗಸರಿಗೆ ಬೇರೆ ಬಾಗಿಲು ಇಡಿಸಿದರು. ಮೇಲಿನ ಕಟ್ಟಡದಲ್ಲಿ ಈಗ ದಾಸ್ತಾನು. ಅದರ ಬಾಗಿಲ ಮೇಲಿನ ಕಲ್ಲು ಅಲ್ಲೇ ಇದೆ. ಪಾಳಿಗೆ ಎರಡನೆಯ ನರ್ಸ್ ಹುದ್ದೆಗೆ ಟ್ರಸ್ಟ್ ಕಳೆದ ತಿಂಗಳು ಒಪ್ಪಿಗೆ ಕೊಟ್ಟಿತು. ಜಾಹೀರಾತನ್ನು ನಾನೇ ಬರೆದು ಪತ್ರಿಕೆಗೆ ಕಳಿಸಿದೆ. ಅರ್ಜಿ ಸಲ್ಲಿಸಲು ಕೊನೆಯ ದಿನ ಕಳೆದ ಶನಿವಾರವಾಗಿತ್ತು. ಬಂದಿರುವುದು ಒಂದೇ ಅರ್ಜಿ; ಹಾಸನದಿಂದ, ನಮ್ಮ ಸಿಸ್ಟರದು. ಸಂದರ್ಶನ ಇನ್ನೂ ನಡೆದಿಲ್ಲ.